ಹಿತ್ತಲ ಗೂಬೆ, ಬೀದಿಯ ಮಾತು

ನವೆಂಬರ್ 10, 2024, ಭಾನುವಾರ

ಈ ವಾರ ಸಿಕ್ಕ ಉಂಡೆ ಒಂಬತ್ತು. ಬಿಸಿನೀರಿನಲ್ಲಿ ನೆನೆಹಾಕಿ ಬಿಡಿಸಿದೆ. ತಲೆಬುರುಡೆ ಇಪ್ಪತ್ತಾರು: ಇಪ್ಪತ್ತೆರಡು ಇಲಿಯವು, ಮೂರು ಸುಂಡಿಲಿಯವು, ಒಂದು ಯಾವುದೋ ನತದೃಷ್ಟ ಗುಬ್ಬಿಯದು.

ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು, ಮೂಳೆಗಳನ್ನು ಉಂಡೆ ಕಟ್ಟಿ ಉಗುಳುತ್ತದೆ. ಸೌದೆ ಕೊಟ್ಟಿಗೆಯ ನೆಲದಿಂದ ಆ ಉಂಡೆಗಳನ್ನು ಆರಿಸಿ, ಅರಕಲಗೂಡು ರಸ್ತೆಯ ನಮ್ಮ ಹೈಸ್ಕೂಲಿಗೆ ಒಯ್ದು ಒಂಬತ್ತನೇ ಕ್ಲಾಸಿನವರಿಗೆ ತೋರಿಸುವುದು ನನ್ನ ಈ ವರ್ಷದ ಹುಚ್ಚು. ಅದಕ್ಕೇ ಈ ನೋಟ್‌ಬುಕ್. ಆದರೆ ಮುಂದಿನ ನಾಲ್ಕು ಸಾಲಿನಲ್ಲಿ ಗಿಡ್ಡಯ್ಯನಿಗೆ ಬೈಯುವುದಿದೆ, ಆದ್ದರಿಂದ ಇದು ಯಾರಿಗೂ ತೋರಿಸುವ ಪುಸ್ತಕವಲ್ಲ.

ಗಿಡ್ಡಯ್ಯ ಹಿತ್ತಲ ಗೋಡೆಯಾಚೆಯ ಮನೆಯವನು. ಅರವತ್ತು ದಾಟಿದೆ, ಎರಡು ಹಸು, ನಾಲೆಯಾಚೆ ಒಂದಿಷ್ಟು ತೆಂಗು. ಗೋಡೆಯ ಮೇಲೆ ಗಲ್ಲ ಊರಿ ಜಗತ್ತಿನ ಅಪಶಕುನಗಳನ್ನೆಲ್ಲ ನಮಗೆ ತಲುಪಿಸುವುದು ಅವನ ಕಸುಬು. ಇವತ್ತೂ ಶುರು ಮಾಡಿದ: "ಮೇಷ್ಟ್ರೇ, ಗೂಬೆ ಕುಂತ ಮನೆ ಆಳಾಯ್ತದೆ. ಮೂರ್ ವರ್ಸದಿಂದ ಏಳ್ತಾವ್ನಿ, ನೀವ್ ಕೇಳಕಿಲ್ಲ."

ಈ ಮಾತಿಗೆ ಉತ್ತರ ಮೂರು ವರ್ಷದ ಹಿಂದೆಯೇ ನಮ್ಮಣ್ಣ ಅಶೋಕಪ್ಪ ಕೊಟ್ಟಿದ್ದ. ಆಗ ಗೂಬೆ ಹೊಸದಾಗಿ ಬಂದಿದ್ದವು. ಅದಕ್ಕೂ ಮೊದಲು ಕೊಟ್ಟಿಗೆಯ ಅಟ್ಟದ ಭತ್ತಕ್ಕೆ ಇಲಿಗಳೇ ಯಜಮಾನರು. ಪಾಷಾಣ ಇಟ್ಟೆವು, ಇಲಿ ಉಳಿದವು, ನಮ್ಮ ಬೆಕ್ಕು ಸತ್ತಿತು. ಆಮೇಲೊಂದು ಸಂಜೆ ಮುಖಕ್ಕೆ ಸುಣ್ಣ ಬಳಿದಂಥ ಜೋಡಿ ಗೂಬೆ ಕೊಟ್ಟಿಗೆಯ ಕಿಂಡಿಯಿಂದ ಒಳಗೆ ಬಂದು ಸೇರಿಕೊಂಡವು. ಗಿಡ್ಡಯ್ಯ ಗೋಡೆಯಾಚೆಯಿಂದ ಓಡಿಸಿ ಓಡಿಸಿ ಎಂದು ಬಾಯಿ ಬಡಿದುಕೊಂಡಾಗ ಅಣ್ಣ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಹೇಳಿದ: "ಒಂದ್ ಕಾಲದಲ್ಲಿ ನಾವ್ ಎದ್ರಿಗ್ ಬಂದ್ರೂ ಅಪಶಕುನ ಅಂತ ದಾರಿ ಬದಲಾಯಿಸೋರು ಕಣೋ ಗಿಡ್ಡಯ್ಯ. ಆ ಗೂಬೇಗೂ ನಮಗೂ ಒಂದೇ ಕತೆ. ಇರ್ಲಿ ಬುಡು ಅದು."

ಈ ಮಾತನ್ನು ನಾನು ನೂರು ಸಲ, ನೂರು ಜನರ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ನಾವು ಬೌದ್ಧರಾಗಿದ್ದು ಅಣ್ಣನ ಹಿಂದೆ. ನಾನು ವಿಜ್ಞಾನ ಓದಿದ್ದು ಅಣ್ಣನ ಬಲವಂತಕ್ಕೆ. ಹೆದರದೆ ಇರುವುದನ್ನು ಕಲಿತಿದ್ದೂ ಅವನಿಂದಲೇ.

ನವೆಂಬರ್ 17, ಭಾನುವಾರ

ಉಂಡೆ ಹನ್ನೊಂದು. ಬುರುಡೆ ಮೂವತ್ತನಾಲ್ಕು, ಎಲ್ಲವೂ ಇಲಿ. ಮರಿಗಳು ನಾಲ್ಕಾದ ಮೇಲೆ ತಾಯಿತಂದೆಗೆ ಬಿಡುವಿಲ್ಲ.

ಅಟ್ಟದಿಂದ ಇಳಿದು ಹಿತ್ತಲ ಉಳಿದ ನೌಕರರನ್ನೂ ಮಾತಾಡಿಸಿ ಬಂದೆ. ಬಚ್ಚಲ ನೀರು ಹೋಗುವ ಬಾಳೆಯ ಬುಡದಲ್ಲಿ ದಪ್ಪ ಕಪ್ಪೆ ಎರಡು, ಸೊಳ್ಳೆ, ಗೆದ್ದಲು ಎಲ್ಲ ಅವುಗಳ ಪಾಲು. ತೆಂಗಿನ ಸಿಪ್ಪೆಯ ರಾಶಿಯಲ್ಲಿ ಕೇರೆಹಾವು ಪೊರೆ ಬಿಟ್ಟಿದೆ. ಶಾಂತಿ ಅದನ್ನು ಕೋಲಿನಲ್ಲಿ ಎತ್ತಿ, "ನಿಮ್ ಸ್ಟಾಫು ಬಟ್ಟೆ ಬದಲಾಯಿಸಿ ಓಗವ್ರೆ, ಮಡಚಿಡಿ" ಅಂದಳು. ಮದುವೆಯಾಗಿ ಚನ್ನರಾಯಪಟ್ಟಣದಿಂದ ಬಂದ ಹೊಸದರಲ್ಲಿ ಹಲ್ಲಿ ಕಂಡರೆ ಕಿರುಚುತ್ತಿದ್ದವಳು ಇವಳೇ.

ಸಂಜೆ ಅಣ್ಣನ ಜೊತೆ ಜಗಲಿಯಲ್ಲಿ ಕೂತಿದ್ದೆ. ಮನೆ ಅಪ್ಪ ಬೈರಯ್ಯ ಕೂಲಿ ಮಾಡಿ ಕಟ್ಟಿದ್ದು. ಅರ್ಧದಲ್ಲಿ ಅಣ್ಣ, ಪ್ರೇಮಕುಮಾರಿ ಅತ್ತಿಗೆ, ಇನ್ನರ್ಧದಲ್ಲಿ ನಾನು, ಶಾಂತಿ. ಜಗಲಿ, ಹಿತ್ತಲು ಎರಡೂ ಒಟ್ಟಿಗೇ. ಸೆಪ್ಟೆಂಬರಿನಲ್ಲಿ ಎದೆನೋವು ಬಂದು ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದಮೇಲೆ ಅಣ್ಣ ಅರ್ಧವಾಗಿದ್ದಾನೆ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಯಾರಿಗೂ ತಲೆಬಾಗದೆ ಕೆಲಸ ಮಾಡಿದ ಮನುಷ್ಯ, ಈಗ ಎರಡು ಮೆಟ್ಟಿಲು ಹತ್ತಿದರೆ ಕಂಬ ಹಿಡಿದುಕೊಳ್ಳುತ್ತಾನೆ.

ಕತ್ತಲಾಗುವ ಹೊತ್ತಿಗೆ ತಾಯಿ ಗೂಬೆ ಕಿರುಚುತ್ತಾ ಹಾರಿಹೋಯಿತು.

"ದಿನಾ ಅಂಗೇ ಕಿರುಚ್ತದಾ ಅದು?" ಅಂದ.

"ದಿನಾ."

"ಮರಿ ಯಾವಾಗ ಆರಿ ಓಯ್ತವೆ?"

"ಇನ್ನೊಂದೂವರೆ ತಿಂಗಳು ಅಣ್ಣ. ಇರು, ಹಾರೋವಾಗ ನಿನ್ನ ಹಿತ್ತಲಿಗೆ ಕರ್ಕೊಂಡ್ ಹೋಗಿ ತೋರಿಸ್ತೀನಿ."

ಮೈಯಲ್ಲಿ ಹುಷಾರಿಲ್ಲದಿದ್ದರೂ ಎಷ್ಟು ಆಸಕ್ತಿ ನೋಡಿ ಇವನಿಗೆ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರಾದರೂ ಹೀಗೆ ಕೇಳಿದ್ದುಂಟೇ?

ನವೆಂಬರ್ 26, ಮಂಗಳವಾರ

ಶಾಲೆಯಿಂದ ಬಂದಾಗ ಅತ್ತಿಗೆ ಹಿತ್ತಲ ಗೋಡೆಯ ಹತ್ತಿರ ಗಿಡ್ಡಯ್ಯನ ಜೊತೆ ಮಾತಾಡುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು. ಗಿಡ್ಡಯ್ಯ ಹಸುವಿನ ಕಡೆ ನಡೆದುಬಿಟ್ಟ. ಕಾಯಿಲೆಯವರಿರುವ ಮನೆಯ ಹೆಂಗಸಿನ ಕಿವಿಗೆ ಏನು ತುಂಬುತ್ತಿದ್ದನೋ.

"ಏನಂತೆ ಅತ್ತಿಗೆ?"

"ಏನಿಲ್ಲ ಕಣಪ್ಪ, ಸಗಣಿ ಕೇಳ್ತಿದ್ದೆ."

ಗ್ಯಾಸಿನ ಒಲೆಯ ಮನೆಗೆ, ಟೈಲ್ಸ್ ಹಾಕಿದ ನೆಲಕ್ಕೆ ಸಗಣಿ ಯಾತಕ್ಕೆ ಎಂದು ಕೇಳಲಿಲ್ಲ.

ಡಿಸೆಂಬರ್ 1, ಭಾನುವಾರ

ಉಂಡೆ ಹದಿನಾಲ್ಕು. ಬಿಡಿಸಲು ಪುರುಸೊತ್ತಿಲ್ಲ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟಿದ್ದೇನೆ. ನಾಳೆಯಿಂದ ಮೂರು ದಿನ ಹಾಸನದಲ್ಲಿ ತರಬೇತಿ, ಉಳಿಯುವುದೂ ಅಲ್ಲೇ. ಅಣ್ಣನಿಗೆ ಮಾತ್ರೆಯ ವೇಳೆ ಶಾಂತಿಗೆ ಬರೆದುಕೊಟ್ಟೆ. ಅಟ್ಟ ಹತ್ತಿ ಮರಿಗಳಿಗೂ ಹೋಗಿಬರುತ್ತೇನೆ ಎಂದೆ. ನಾಲ್ಕೂ ಸಾಲಾಗಿ ನಿಂತು ತಲೆ ಆಡಿಸಿದವು, ಹೆಡ್‌ಮಾಸ್ಟರಿಗಿಂತ ಎಷ್ಟೋ ಮೇಲು.

ಡಿಸೆಂಬರ್ 4, ಬುಧವಾರ

ಕಿಂಡಿಗೆ ತಗಡು ಹೊಡೆದಿದ್ದಾರೆ. ಮರಿಗಳಿಲ್ಲ. ಅಟ್ಟ ಗುಡಿಸಿ ಸಾರಿಸಿ ಇಟ್ಟಿದ್ದಾರೆ.

ಗೋಡೆಗೆ ಗಿಡ್ಡಯ್ಯನ ಬಿದಿರಿನ ಏಣಿ ಒರಗಿದೆ. ತಗಡೂ ಅವನ ದನದ ಕೊಟ್ಟಿಗೆಯದು, ಹಸಿರು ಬಣ್ಣ ನನಗೆ ಗೊತ್ತಿಲ್ಲವೇ.

ಶಾಂತಿಯನ್ನು ಕೇಳಿದೆ. "ನಂಗ್ ಗೊತ್ತಿಲ್ಲ ಕಣ್ರೀ, ನಾನು ಸಂತೆಗೆ ಓಗಿದ್ದೆ" ಅಂದಳು. ಅತ್ತಿಗೆ ತಲೆನೋವೆಂದು ಮಲಗಿದ್ದರು. ಅಣ್ಣ ಕಣ್ಣು ಮುಚ್ಚಿಕೊಂಡು, "ಓಗ್ಲಿ ಬುಡ್ಲಾ" ಅಂದ. ನಾನಿಲ್ಲದ ಮೂರು ದಿನ ನೋಡಿಕೊಂಡು ಬಂದಿದ್ದಾನೆ ಆ ಗಿಡ್ಡಯ್ಯ. ಕಾಯಿಲೆಯವನು ಎದ್ದು ಬರಲಾರ ಎಂದು ಗೊತ್ತಿದ್ದೇ ಬಂದಿದ್ದಾನೆ.

ಡಿಸೆಂಬರ್ 5, ಗುರುವಾರ

ಇವತ್ತು ಬೈದೆ. ಮನಸಾರೆ ಬೈದೆ.

ಬೆಳಿಗ್ಗೆ ಏಳಕ್ಕೆ ನೀರು ಬಿಡುವ ಹೊತ್ತು. ಬೀದಿಯವರೆಲ್ಲ ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ನಿಂತಿದ್ದರು. ಗಿಡ್ಡಯ್ಯ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ. ಅಡ್ಡ ನಿಂತೆ.

"ಮರಿಗಳನ್ನ ಏನ್ ಮಾಡ್ದೆ ಗಿಡ್ಡಯ್ಯ? ಹೊಳೆಗೆ ಎಸೆದ್ಯಾ? ಕತ್ತು ಮುರಿದ್ಯಾ?"

"ಮೇಷ್ಟ್ರೇ, ಈಗ್ಯಾಕೆ..."

"ಈಗಲೇ ಹೇಳು. ಕಣ್ಣು ಬಿಟ್ಟು ತಿಂಗಳಾಗದ ಕೂಸುಗಳನ್ನ ಕೊಂದೋನು ನೀನು. ನೀನು ಕರೆಯೋ ಹಾಲನ್ನ ಈ ಬೀದಿ ಮಕ್ಕಳು ಕುಡೀಬೇಕಾ?"

"ನಾನ್ ಕೊಂದಿಲ್ಲ ಮೇಷ್ಟ್ರೇ." ಏಣಿ ಯಾರದು ಅಂದೆ, ತಲೆ ತಗ್ಗಿಸಿದ. ತಗಡು ಯಾರದು ಅಂದೆ, ಕ್ಯಾನಿನ ಮುಚ್ಚಳ ತಿರುಗಿಸುತ್ತಾ ನಿಂತ. ಅವನ ಹೆಂಡತಿ ಕೃಷ್ಣಮ್ಮ ತುಂಬಿದ ಬಿಂದಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಯಾರೋ ನಕ್ಕರು. ನಗಲಿ, ನನಗೇನು?

ಜಗಲಿಯಲ್ಲಿ ಅಣ್ಣ ಪೇಪರ್ ಓದುತ್ತಾ ಕೂತಿದ್ದ. ನಾನು ಹಿಂದಿರುಗಿ ಮೆಟ್ಟಿಲು ಹತ್ತಿದೆ. "ಬಾ, ಕೂತ್ಕ, ನೀರ್ ಕುಡಿ" ಅಂದ. ಪೇಪರಿನ ಹಾಳೆ ತಿರುವಿದ.

ಡಿಸೆಂಬರ್ 6, ಶುಕ್ರವಾರ

ಬಾಬಾಸಾಹೇಬರ ಪರಿನಿಬ್ಬಾಣ ದಿನ. ಸಮುದಾಯ ಭವನದಲ್ಲಿ ಸಭೆ. ಡಾಕ್ಟರು ಬೇಡವೆಂದರೂ ಅಣ್ಣ ಬಿಳಿ ಅಂಗಿ ತೊಟ್ಟು ಬಂದ, ಕೂತುಕೊಂಡೇ ಹತ್ತು ನಿಮಿಷ ಮಾತಾಡಿದ. ಮೌಢ್ಯದ ಬಗ್ಗೆ. ಮನುಷ್ಯನನ್ನು ಮೊದಲು ಹೆದರಿಸಿ, ಆಮೇಲೆ ಆಳುತ್ತಾರೆ ಎಂದು ಹೇಳಿದ. ನಮ್ಮ ಹಿತ್ತಲ ಗೂಬೆಯ ಕತೆಯನ್ನೂ ಹೇಳಿದ, ಆ ಹಳೆಯ ಮಾತನ್ನು ಮತ್ತೆ ಹೇಳಿದ. ನನ್ನ ಕಣ್ಣಲ್ಲಿ ನೀರು. ಗಿಡ್ಡಯ್ಯನ ಹೆಸರು ಮಾತ್ರ ಎತ್ತಲಿಲ್ಲ. ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆ.

ಡಿಸೆಂಬರ್ 9, ಸೋಮವಾರ

ಅರಣ್ಯ ಇಲಾಖೆಗೆ ದೂರು ಬರೆದೆ. ಗೂಬೆಯ ಗೂಡು ಕೀಳುವುದು ಕಾನೂನಿಗೆ ವಿರುದ್ಧ. ಮನೆಯ ಹಿಂದೆ ಗೂಡಿತ್ತು, ಕಿತ್ತವನು ಗಿಡ್ಡಯ್ಯ, ಸಾಕ್ಷಿ ಏಣಿ ಮತ್ತು ತಗಡು. ಅಣ್ಣನಿಗೆ ಓದಿ ಹೇಳಿದೆ.

"ಬ್ಯಾಡ ಬುಡ್ಲಾ. ನೆರೆಹೊರೆ."

"ನೀನೇ ಹೇಳಿಕೊಟ್ಟಿದ್ದು, ತಪ್ಪು ಕಂಡರೆ ಸುಮ್ಮನಿರಬೇಡ ಅಂತ."

ಏನೋ ಹೇಳುವವನ ಹಾಗೆ ಬಾಯಿ ತೆರೆದ. ಅತ್ತಿಗೆ ಮಾತ್ರೆ ತಂದರು. ಹಾಲು ಕುಡಿದು ಮಲಗಿದ. ದೂರನ್ನು ಅಂಚೆಗೆ ಹಾಕಿ ಬಂದೆ.

ಡಿಸೆಂಬರ್ 12, ಗುರುವಾರ

ಇಲಿ ಬಂದಿವೆ. ಎರಡು ಮೂಟೆಯ ತಳ ತೂತು.

ಡಿಸೆಂಬರ್ 15, ಭಾನುವಾರ

ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಬೆಳಿಗ್ಗೆ ನಾಲೆಯ ಏರಿಯ ಮೇಲೆ ನಡೆದು ಬರಲು ಹೋಗಿದ್ದೆ. ಗಿಡ್ಡಯ್ಯನ ತೆಂಗಿನ ತೋಟದ ಪಂಪಿನ ಮನೆಯಿಂದ ಗೊರಕೆ ಕೇಳಿತು. ಯಾರೋ ಕುಡಿದು ಮಲಗಿದ್ದಾರೆ ಎಂದುಕೊಂಡು ಎರಡು ಹೆಜ್ಜೆ ಮುಂದೆ ಹೋಗಿದ್ದೆ. ಆ ಗೊರಕೆ ನನಗೆ ಗುರುತಿನದು. ಹಸಿದ ಗೂಬೆ ಮರಿ ಹಾಗೇ ಸದ್ದು ಮಾಡುವುದು.

ಒಳಗೆ ಜಂತೆಗೆ ಹಳೆಯ ಮಂಕರಿ ಬುಟ್ಟಿ ಕಟ್ಟಿ, ಹುಲ್ಲು ಹಾಸಿ, ಅದರಲ್ಲಿ ಮೂರು ಮರಿ. ರೆಕ್ಕೆ ಬಲಿತಿವೆ. ಕೆಳಗೆ ನೆಲದ ತುಂಬಾ ಉಂಡೆ. ಅಂದರೆ ತಾಯಿತಂದೆ ಇಲ್ಲಿಗೂ ಹುಡುಕಿಕೊಂಡು ಬಂದು ಉಣಿಸುತ್ತಿವೆ.

ಹಿಂದೆ ಗಿಡ್ಡಯ್ಯ ನಿಂತಿದ್ದ, ಕೈಯಲ್ಲಿ ಹುಲ್ಲಿನ ಹೊರೆ.

"ನಾಕಿದ್ವು ಮೇಷ್ಟ್ರೇ. ಒಂದು ತಡೀನಿಲ್ಲ, ಎಲ್ಡನೇ ದಿನ ಓಯ್ತು. ಈ ಮೂರು ಚೆಂದಾಗವೆ."

"ನೀನು... ಗೂಬೆ ಅಪಶಕುನ ಅಂತಿದ್ಯಲ್ಲ?"

"ಮನೆ ಮ್ಯಾಲೆ ಕುಂತ್ರೆ ಕೆಟ್ಟದ್ದೇ. ಅದ್ಕೇ ಅಂತವ ಮರೀನ ಒಳೆಗ್ ಎಸೆಯಕಾಯ್ತದಾ? ಪಂಪಿನ ಮನೇಲಿ ಯಾರ್ ಮನಗ್ತಾರೆ, ಇರ್ಲಿ ಅಂತ ತಂದ್ ಮಡಗ್ದೆ. ಅಲ್ಲಿ ಬ್ಯಾಡ ಅಂದ್ರಲ್ಲ."

"ಯಾರು ಬೇಡ ಅಂದರು?"

ಗಿಡ್ಡಯ್ಯ ತುಟಿ ಕಚ್ಚಿಕೊಂಡ. ಹೊರೆ ಇಳಿಸಿ ಮೋಟರಿನ ಸ್ವಿಚ್ಚು ಒತ್ತಿದ. ಆ ಸದ್ದಿನಲ್ಲಿ ನಾನು ಎರಡು ಸಲ ಕೇಳಿದೆ, ಅವನು ಎರಡು ಸಲವೂ ಕಿವಿ ಕೇಳದವನ ಹಾಗೆ ನೀರಿನ ಕಾಲುವೆ ತಿರುಗಿಸುತ್ತಾ ಹೋದ. ಹೊರಡುವಾಗ ತಾನಾಗಿಯೇ ಬಂದು ನಿಂತ.

"ಮೇಷ್ಟ್ರೇ, ಒಂದ್ ಮಾತು. ನಂಗ್ ಬ್ಯಾರೆ ಏನೂ ಬ್ಯಾಡ. ನಲ್ಲಿತಾವ ಬೈದ್ರಲ್ಲ, ಅಲ್ಲೇ ನಿಂತ್ಕಂಡು, ಗಿಡ್ಡಯ್ಯ ಮರಿ ಕೊಂದಿಲ್ಲ ಅಂತ ಅಂದ್ಬುಡಿ. ಬೀದೀಲಿ ಬೈದಿದ್ನ ಮನೇಲಿ ವಾಪಸ್ ತಗಂಡ್ರೆ ಯಾರ್ಗ್ ಗೊತ್ತಾಯ್ತದೆ? ನಮ್ ಕೃಷ್ಣಮ್ಮ ಹತ್ ದಿನದಿಂದ ನೀರ್ಗೆ ಓಯ್ತಿಲ್ಲ. ಐಕ್ಳು ಅವ್ಳ ಕಂಡ್ರೆ ಮರಿತಿನ್ನಮ್ಮ ಅಂತ ಕೂಗ್ತವೆ."

ಆಗಲಿ ಎಂದೆ. ನಮಸ್ಕಾರ ಮಾಡಲು ಕೈ ಎತ್ತಿದರೆ ಗಿಡ್ಡಯ್ಯನವರು ಆಗಲೇ ತಿರುಗಿ ಹೊರಟಿದ್ದರು.

ಡಿಸೆಂಬರ್ 16, ಸೋಮವಾರ

ಶಾಲೆಗೆ ರಜೆ ಹಾಕಿದೆ. ಶಾಂತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹೋಗಿ ಎದುರಿಗೆ ನಿಂತೆ. ಮರಿಗಳು ಪಂಪಿನ ಮನೆಯಲ್ಲಿವೆ ಎಂದೆ. ಒದ್ದೆ ಸೀರೆಯನ್ನು ಹಿಡಿದುಕೊಂಡು ಅವಳು ಅಲ್ಲೇ ಕುಕ್ಕರಿಸಿದಳು.

"ಬಾವ ಅತ್ಬುಟ್ರು ಕಣ್ರೀ."

ನಾನು ಹಾಸನಕ್ಕೆ ಹೋದ ದಿನವೇ ಅಂತೆ. ಅಣ್ಣ ಹಿತ್ತಲ ಗೋಡೆಯ ಹತ್ತಿರ ಹೋಗಿ ಗಿಡ್ಡಯ್ಯನವರನ್ನು ಕೂಗಿ ಕರೆದನಂತೆ. ಆ ಕಿರುಚು ಕೇಳಿದರೆ ಎದೆ ಹಿಡಿದುಕೊಳ್ಳುತ್ತದೆ, ಯಾರೋ ಕರೆಯಲು ಬಂದ ಹಾಗಾಗುತ್ತದೆ, ನನಗೆ ಸಾಯಲು ಇಷ್ಟವಿಲ್ಲ ಗಿಡ್ಡಯ್ಯ ಎಂದು ಅತ್ತನಂತೆ. ಎಲ್ಲಾದರೂ ಒಯ್ದುಬಿಡು ಎಂದು ಕೈ ಹಿಡಿದುಕೊಂಡನಂತೆ. ತಮ್ಮ ಮನೋಹರನಿಗೆ ಮಾತ್ರ ತಿಳಿಯಬಾರದು ಎಂದು ಅವರಿಂದ ಭಾಷೆ ತೆಗೆದುಕೊಂಡನಂತೆ. ಶಾಂತಿಯಿಂದಲೂ.

"ನಿಮ್ ಮುಂದೆ ಚಿಕ್ಕೋರಾಗ್ಬಾರ್ದು ಅಂತ ಅವರ್ಗೆ. ಅರ್ಥ ಮಾಡ್ಕಳಿ."

ಅರ್ಥವಾಗುತ್ತದೆ. ಹೆದರಿದ್ದಕ್ಕೆ ನನಗೆ ಕೋಪವಿಲ್ಲ. ನನ್ನನ್ನು ಕರೆದು, ಲೋ ಮನೋಹರ, ನನಗೆ ಭಯ ಆಗ್ತಿದೆ ಅಂದಿದ್ದರೆ ನಾನೇ ಮರಿಗಳನ್ನು ಎತ್ತಿಕೊಂಡು ಹೋಗುತ್ತಿದ್ದೆ. ಆದರೆ ನಲ್ಲಿಯ ಹತ್ತಿರ ನಾನು ಒಬ್ಬ ಮುದುಕನ ಮಾನ ಕಳೆಯುವಾಗ ಮೂವತ್ತು ಅಡಿ ದೂರದಲ್ಲಿ ಪೇಪರ್ ಹಿಡಿದು ಕೂತಿದ್ದನಲ್ಲ! ಮಾರನೆಯ ದಿನ ಬಿಳಿ ಅಂಗಿ ತೊಟ್ಟು ಭಾಷಣ ಮಾಡಿದನಲ್ಲ! ನಾನು ಮುಂದಿನ ಸಾಲಿನಲ್ಲಿ ಕೂತು ಅತ್ತೆನಲ್ಲ. ಇಡೀ ಮನೆಗೆ ಗೊತ್ತಿತ್ತು, ನಾನೊಬ್ಬ ಪೆದ್ದ ಬಿಟ್ಟು. ಅವನು ಕಲಿಸಿದ ಮಾತನ್ನೆಲ್ಲ ನಿಜವೆಂದು ನಂಬಿಕೊಂಡು ಬದುಕಿದವನು ನಾನು. ಈಗ ಯಾವುದು ನಿಜ, ಯಾವುದು ಭಾಷಣ ಎಂದು ಮೊದಲಿನಿಂದ ಕೂತು ಆರಿಸಬೇಕಾಗಿದೆ.

"ನಾನ್ ಏಳ್ದೆ ಅಂತ ಗೊತ್ತಾದ್ರೆ ಅಕ್ಕ ನನ್ ಮುಖ ನೋಡಲ್ಲ. ಒಂದೇ ಮನೇಲಿ ಇರ್ಬೇಕು ಕಣ್ರೀ" ಅಂದಳು ಶಾಂತಿ. ಅವಳ ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಡಿಸೆಂಬರ್ 19, ಗುರುವಾರ

ದೂರು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದುಕೊಳ್ಳುವಷ್ಟರಲ್ಲಿ ಫಾರೆಸ್ಟ್ ಗಾರ್ಡ್ ರುದ್ರಯ್ಯ ಬೈಕಿನಲ್ಲಿ ಬಂದಿಳಿದರು. ಗಿಡ್ಡಯ್ಯನವರನ್ನೂ ಕರೆಸಿದರು. ಜಗಲಿಯಲ್ಲಿ ಎಲ್ಲರೂ. ಗಿಡ್ಡಯ್ಯನವರು ಮಾತ್ರ ಕೆಳಗೆ, ಬಿಸಿಲಿನಲ್ಲಿ ನಿಂತಿದ್ದರು.

ನಾನು ಅಣ್ಣನ ಕಡೆಗೇ ನೋಡುತ್ತಿದ್ದೆ. ಈಗಲಾದರೂ ಹೇಳುತ್ತಾನೆ. ಇಷ್ಟು ಹತ್ತಿರ ಬಂದಮೇಲೆ ಹೇಳಲೇಬೇಕು.

ಅಣ್ಣ ಗಂಟಲು ಸರಿ ಮಾಡಿಕೊಂಡ. "ಸಾರ್, ನಮ್ ಗಿಡ್ಡಯ್ಯ ಒಳ್ಳೆ ಮನುಷ್ಯ. ಓದಿಲ್ಲ ಬರ್ದಿಲ್ಲ, ಏನೋ ಮೂಢನಂಬಿಕೇಲಿ ಮಾಡವ್ನೆ. ಈ ಸಲ ಕ್ಷಮಿಸ್ಬುಡಿ. ನಾನ್ ಬುದ್ಧಿ ಏಳ್ತೀನಿ."

ಗಿಡ್ಡಯ್ಯನವರು ಅಣ್ಣನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಆ ನೋಟದಲ್ಲಿ ದೂರಿರಲಿಲ್ಲ, ಏನೂ ಹೇಳಬೇಡಿ ಎಂದು ನನ್ನನ್ನೇ ಕೇಳಿಕೊಂಡ ಹಾಗಿತ್ತು. "ತಪ್ಪು ನನ್ನದು ಸಾರ್. ವಿಚಾರಿಸದೆ ಬರೆದೆ. ಮರಿಗಳು ಬದುಕಿವೆ, ಇವರೇ ಸಾಕ್ತಿದಾರೆ, ಪಂಪಿನ ಮನೆಯಲ್ಲಿ" ಎಂದೆ. ರುದ್ರಯ್ಯ ಹೋಗಿ ನೋಡಿ ಬಂದು, ಏನನ್ನೋ ಬರೆಸಿಕೊಂಡು, ಮೇಷ್ಟ್ರುಗಳೇ ಹೀಗಾದರೆ ಹೇಗೆ ಸ್ವಾಮಿ ಎಂದು ಗೊಣಗಿ ಹೋದರು.

ಬದುಕಿವೆ ಎಂದದ್ದಕ್ಕೆ ಅಣ್ಣನ ಕೈ ಎದೆಗೆ ಹೋಯಿತು. ಒಂದು ಕ್ಷಣ ಅಯ್ಯೋ ಅನ್ನಿಸಿತು, ಆಮೇಲೆ ಅನ್ನಿಸಲಿಲ್ಲ.

ಡಿಸೆಂಬರ್ 20, ಶುಕ್ರವಾರ

ಮನೆಯ ಆ ಅರ್ಧದವರು ಊಟಕ್ಕೆ ಕರೆದರು. ಹಸಿವಿಲ್ಲ ಎಂದೆ.

ಡಿಸೆಂಬರ್ 21, ಶನಿವಾರ

ಗಿಡ್ಡಯ್ಯನವರು ಕೇಳಿರುವುದು ಸಣ್ಣ ಮಾತು. ಗಿಡ್ಡಯ್ಯ ಮರಿ ಕೊಂದಿಲ್ಲ. ಮೂರೇ ಪದ. ಆದರೆ ಅಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಉತ್ತರ. ಏಣಿ ಹಾಕಿದ್ದು ಅವರೇ, ತಗಡು ಹೊಡೆದಿದ್ದೂ ಅವರೇ. ಯಾಕೆ ಎಂದು ಜನ ಕೇಳುವುದಿಲ್ಲವೇ? ಅರ್ಧ ಉತ್ತರಕ್ಕೆ ನಾನು ಮಕ್ಕಳಿಗೆ ಅರ್ಧ ಅಂಕವನ್ನೇ ಕೊಡುವುದು. ಹೇಳುವುದಾದರೆ ಪೂರ್ತಿ ಹೇಳಬೇಕು. ಇದು ಸೇಡಲ್ಲ. ನಿಜ ಎಂದಮೇಲೆ ಪೂರ್ತಿ ಇರಬೇಕು, ಅಷ್ಟೇ.

ಶಾಂತಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ.

ಡಿಸೆಂಬರ್ 22, ಭಾನುವಾರ

ಏಳಕ್ಕೆ ನಲ್ಲಿಯ ಹತ್ತಿರ ಹೋಗಿ ನಿಂತೆ. ಹದಿನೈದು ಜನ ಇದ್ದರೇನೋ. ಗಿಡ್ಡಯ್ಯನವರು ಡೇರಿಯಿಂದ ಬರುವವರೆಗೆ ಕಾದೆ. ಅವರು ನನ್ನನ್ನು ಕಂಡು ದೂರದಲ್ಲೇ ನಿಂತರು. ಇವತ್ತು ಕೃಷ್ಣಮ್ಮನವರೂ ಬಾಗಿಲಿಗೆ ಬಂದಿದ್ದರು, ಕೈಯಲ್ಲಿ ಬಿಂದಿಗೆ. ಗಂಡ ಮೊದಲೇ ಹೇಳಿದ್ದರೇನೋ.

ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲೇ ಹೇಳಿದೆ. "ಹದಿನೇಳು ದಿನದ ಹಿಂದೆ ಇಲ್ಲೇ ನಿಂತು ನಾನು ಗಿಡ್ಡಯ್ಯನೋರಿಗೆ ಬೈದೆ. ತಪ್ಪಾಯ್ತು. ಅವರು ಮರಿ ಕೊಂದಿಲ್ಲ, ಬದುಕಿಸಿದ್ದಾರೆ. ಪಂಪಿನ ಮನೆಯಲ್ಲಿವೆ, ಯಾರು ಬೇಕಾದರೂ ಹೋಗಿ ನೋಡಬಹುದು."

ಕೃಷ್ಣಮ್ಮನವರು ಮೆಟ್ಟಿಲಿಳಿದು ಬಿಂದಿಗೆಯನ್ನು ಸಾಲಿನಲ್ಲಿ ಇಟ್ಟರು. ಒಬ್ಬಾಕೆ ಸರಿದು ಜಾಗ ಮಾಡಿದಳು. ಅಲ್ಲಿಗೆ ಮುಗಿದಿತ್ತು. ಹಾಗಾದರೆ ಯಾರು ಎಂದು ಒಬ್ಬರೂ ಕೇಳಲಿಲ್ಲ.

"ಗೂಡು ತೆಗೆಸಿದ್ದು ನಮ್ಮಣ್ಣ" ಎಂದೆ.

ಯಾರೋ, "ಅಶೋಕಪ್ಪನೋರಾ? ಭಾಷಣ ಮಾಡೋರಾ?" ಎಂದು ನಕ್ಕರು. ಒಬ್ಬರ ನಗು ಇನ್ನೊಬ್ಬರಿಗೆ ಹತ್ತಿತು. ನಾನು ಜಗಲಿಯ ಕಡೆ ತಿರುಗಿದೆ. ಅಣ್ಣ ಎದ್ದು ಕಂಬ ಹಿಡಿದು ನಿಂತಿದ್ದ. ನಕ್ಕವರನ್ನು ನೋಡಲಿಲ್ಲ, ನನ್ನನ್ನೇ ನೋಡಿದ. ಆಮೇಲೆ ಗೋಡೆ ಸವರಿಕೊಂಡು ಒಳಗೆ ಹೋದ.

ಗಿಡ್ಡಯ್ಯನವರು ಹತ್ತಿರ ಬಂದರು. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ.

"ಅಷ್ಟ್ಯಾಕ್ ಏಳುದ್ರಿ ಮೇಷ್ಟ್ರೇ? ನಾನ್ ಕೇಳಿದ್ದು ಅದಲ್ವಲ್ಲ. ನಾನ್ ಅವ್ರ್‌ಗೆ ಭಾಷೆ ಕೊಟ್ಟಿದ್ದೆ."

"ನಿಜ ಹೇಳಿದೆ ಗಿಡ್ಡಯ್ಯನೋರೇ."

"ಊ, ನಿಜವೇ." ಕ್ಯಾನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೊರಟುಹೋದರು.

ಮಧ್ಯಾಹ್ನ ಹಿತ್ತಲಿನಿಂದ ಅತ್ತಿಗೆಯ ಕೂಗು ಕೇಳಿತು. ಗೋಡೆಯ ಹತ್ತಿರ ನಿಂತು ಗಿಡ್ಡಯ್ಯನವರಿಗೆ ಬೈಯುತ್ತಿದ್ದರು. ಅಣ್ಣ ಊಟ ಮಾಡಿರಲಿಲ್ಲವಂತೆ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಾನಂತೆ. "ಕೈ ಇಡ್ಕಂಡು ಕೇಳ್ಕಂಡ್ರಲ್ಲೋ ಆ ಮನುಷ್ಯ, ಕೈ ಇಡ್ಕಂಡು! ಯಾರ್ಗೂ ಏಳಕಿಲ್ಲ ಅಂದು ಭಾಷೆ ಕೊಟ್ಟು, ಓಗಿ ಮೇಷ್ಟ್ರ ಕಿವೀಗ್ ಊದಿದ್ಯಲ್ಲ! ನಿನ್ ನಂಬಿ ಕೆಟ್ವಿ ಕಣೋ. ನಾಳೆ ಅವ್ರ್‌ಗೆ ಏನಾದ್ರೂ ಆದ್ರೆ ನೀನೇ ಕಾರಣ!"

ನಾನು ಅಡುಗೆಮನೆಯಲ್ಲಿದ್ದೆ. ಎರಡು ಹೆಜ್ಜೆ ಇಟ್ಟರೆ ಹಿತ್ತಲ ಬಾಗಿಲು. ಅವರಲ್ಲ ಅತ್ತಿಗೆ, ಅವರು ಬಾಯಿ ಬಿಟ್ಟಿಲ್ಲ ಎಂದು ಹೇಳಬೇಕಿತ್ತು. ಶಾಂತಿ ಎರಡೂ ಕೈಯಿಂದ ನನ್ನ ತೋಳು ಹಿಡಿದಿದ್ದಳು. "ಬ್ಯಾಡ ಕಣ್ರೀ. ಮತ್ಯಾರು ಅಂತ ಕೇಳ್ತಾರೆ. ಬ್ಯಾಡ."

ಗೋಡೆಯಾಚೆ ಗಿಡ್ಡಯ್ಯನವರ ದನಿ. ಸಣ್ಣಗೆ ಕೇಳಿತು, ಆದರೆ ಪ್ರತಿ ಮಾತೂ ಕೇಳಿತು.

"ಊ ಕಣವ್ವ. ನಾನೇ ಏಳ್ದೆ. ತಪ್ಪಾಯ್ತು."

ಅತ್ತಿಗೆ ಮತ್ತೂ ಬೈದರು. ಸ್ವಲ್ಪ ಹೊತ್ತಿಗೆ ಶಾಂತಿ ನನ್ನ ತೋಳು ಬಿಟ್ಟಳು. ನಾನು ಅಲ್ಲೇ ನಿಂತಿದ್ದೆ.